ಉದುರಿದ ಕಾಯಿಯನ್ನು ಎಸೆಯುವ ಮುನ್ನ

ಆಶ್ಲೇಷಾ ಮಳೆ ಹಿಡಿದು ನಾಲ್ಕೈದು ದಿನಗಳಾದ ಮೇಲೆ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಕ್ಕೆ ಬೆಳಿಗ್ಗೆ ಇಳಿದು ನೋಡಿದವರಿಗೆ ಕೊಳೆರೋಗವೆಂದರೇನೆಂದು ವಿವರಿಸಿ ಹೇಳಬೇಕಾದುದಿಲ್ಲ. ಹಿಂದಿನ ದಿನ ಮರದ ಮೇಲೆ ಹಸುರಾಗಿದ್ದ ಕಾಯಿಗಳು ಇಂದು ಬುಡದ ಸುತ್ತ ಚೆಲ್ಲಿಕೊಂಡಿರುತ್ತವೆ. ತೊಟ್ಟಿನ ಬಳಿ ನೀರು ಹೀರಿದಂತಹ ಕಡುಹಸುರಿನ ಕಲೆ. ಅದರ ಮೇಲೆ ಬೆಳ್ಳನೆಯ ಬೂಷ್ಟು. ಮನೆಯ ಹಿರಿಯರು ಒಂದು ಮಾತನ್ನೂ ಆಡದೆ ಹೆಡಿಗೆಯನ್ನು ತಂದು, ಕಾಯಿಗಳನ್ನು ಬಾಚಿ, ತೋಟದ ಹೊರಗೆ ಒಯ್ದು ಸುರಿಯುತ್ತಾರೆ. ಹಾಗೆ ಆರಿಸಿ ಹೊರಗೆ ಹಾಕುವುದು ಸರಿಯಾದ ಕೆಲಸವೇ ಸರಿ; ರೋಗದ ಬೀಜ ತೋಟದೊಳಗೆ ಉಳಿಯಬಾರದು. ಆದರೆ ಹೆಡಿಗೆಯನ್ನು ತುಂಬುವ ಮೊದಲು ಮಾಡಬೇಕಾದ ಮತ್ತೊಂದು ಕೆಲಸವುಂಟು. ಅದನ್ನು ಕುರಿತು ನಮ್ಮ ತರುಣ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ಈ ಲೇಖನ.

ಕೈಕೊಂಡ ಕೆಲಸದಲ್ಲಿ ಎಣಿಸದ ಪೆಟ್ಟು ಬಿದ್ದಾಗ ಎದೆಗುಂದಬಾರದು, ಧೈರ್ಯ ತಂದುಕೊಳ್ಳಬೇಕು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿಯಿದ್ದಾರೆ. ಧೈರ್ಯ ಒಳ್ಳೆಯದಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಧೈರ್ಯವೊಂದರಿಂದಲೇ ಮುಂದಿನ ವರ್ಷದ ಕಾಯಿ ಉಳಿದುದನ್ನು ನಾವು ಕಂಡಿಲ್ಲ. ಪೆಟ್ಟು ಬಿದ್ದ ಮೊದಲ ಗಳಿಗೆಯಲ್ಲಿ, ಮನಸ್ಸು ಇನ್ನೂ ಕಲಕಿರುವಾಗಲೇ, ಏನಾಯಿತು, ಎಲ್ಲಿ ಆಯಿತು, ಅದಕ್ಕೆ ಹಿಂದಿನ ದಿನಗಳಲ್ಲಿ ನಾವು ಏನೇನು ಮಾಡಿದ್ದೆವು ಎಂಬುದನ್ನು ಬರೆದಿಡುವವನು ಮಾತ್ರ ಆ ನಷ್ಟದಿಂದ ಏನನ್ನಾದರೂ ಮರಳಿ ಪಡೆದಾನು. ಉಳಿದವರು ನಷ್ಟವನ್ನೂ ತೆತ್ತು, ಅದು ಹೇಳಬಂದ ಸುದ್ದಿಯನ್ನೂ ಕಳೆದುಕೊಳ್ಳುತ್ತಾರೆ.

ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಕಾಲೇಜಿನ ಪ್ರಯೋಗಶಾಲೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗವನ್ನು ವಾಚಕರಲ್ಲಿ ಹೆಚ್ಚಿನವರು ಮಾಡಿರಬಹುದು. ದಾರಕ್ಕೆ ಕಟ್ಟಿದ ಗುಂಡನ್ನು ತೂಗಬಿಟ್ಟು, ಇಪ್ಪತ್ತು ತೂಗಾಟಗಳಿಗೆ ಹಿಡಿಯುವ ಕಾಲವನ್ನು ನೋಡಿ, ಇಪ್ಪತ್ತರಿಂದ ಭಾಗಿಸಿ, ಸೂತ್ರಕ್ಕೆ ಹಾಕಬೇಕು. ನಮ್ಮ ಕಡೆ 9.78ರ ಸುಮಾರಿಗೆ ಬರಬೇಕಾದ ಬೆಲೆ ಒಬ್ಬ ಹುಡುಗನಿಗೆ 10.8 ಬಂದಿತು. ಅವನು ಏನು ಮಾಡಿದನೆಂದರೆ, ರಬ್ಬರಿನಿಂದ ಕಾಲದ ಅಂಕಿಗಳನ್ನೆಲ್ಲ ಅಳಿಸಿ, 9.8 ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ, ಹೊಸ ಅಂಕಿಗಳನ್ನು ಅಂದವಾಗಿ ಬರೆದು ತಂದನು. ಕಾಗದದ ಮೇಲೆ ಉಳಿದಿದ್ದ ಗುರುತಿನಿಂದ ನಮಗೆ ಹಳೆಯ ಅಂಕಿಗಳು ಕಂಡವು.

ಅವನು ಅಳಿಸಿದ 10.8 ಎಷ್ಟು ಬೆಲೆಯುಳ್ಳ ಅಂಕಿಯೆಂಬುದನ್ನು ನೋಡಿ. ಗುಂಡನ್ನು ಬಿಟ್ಟ ಕ್ಷಣದಲ್ಲಿ 'ಸೊನ್ನೆ' ಎನ್ನುವುದರ ಬದಲು 'ಒಂದು' ಎಂದು ಎಣಿಕೆ ಆರಂಭಿಸಿದವನು 'ಇಪ್ಪತ್ತು' ಎನ್ನುವಾಗ ನಡೆದಿರುವುದು ಹತ್ತೊಂಬತ್ತೇ ತೂಗಾಟ. ಅದನ್ನು ಇಪ್ಪತ್ತರಿಂದ ಭಾಗಿಸಿದರೆ ತೂಗಾಟದ ಕಾಲ ನೂರಕ್ಕೆ ಐದರಷ್ಟು ಕಡಮೆಯಾಗಿ ತೋರುತ್ತದೆ. ಸೂತ್ರದಲ್ಲಿ ಕಾಲದ ವರ್ಗ ಛೇದದಲ್ಲಿರುವುದರಿಂದ ಉತ್ತರ ನೂರಕ್ಕೆ ಹನ್ನೊಂದರಷ್ಟು ಏರುತ್ತದೆ. 9.78ಕ್ಕೆ ಅದನ್ನು ಕೂಡಿಸಿದರೆ ಎಷ್ಟಾಯಿತು? ಸರಿಯಾಗಿ 10.8! ತಪ್ಪು ತನ್ನ ವಿಳಾಸವನ್ನು ತಾನೇ ಬರೆದುಕೊಂಡು ಬಂದಿತ್ತು. ಹುಡುಗನು ಲಕೋಟೆಯನ್ನು ಒಡೆಯದೆಯೇ ಹರಿದುಹಾಕಿದನು. ಅವನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಸರಿಯಾದ ಉತ್ತರಕ್ಕೆ ಮಾತ್ರ ಅಂಕ ಕೊಡುವ ನಾವು, ಅಧ್ಯಾಪಕರಾದವರು, ಅವನ ಕೈಗೆ ರಬ್ಬರನ್ನು ಕೊಟ್ಟವರು.

ಈಗ ಮತ್ತೆ ತೋಟಕ್ಕೆ ಹೋಗೋಣ. ಕೊಳೆರೋಗವು ಮಲೆನಾಡಿಗೆ ಹೊಸದಲ್ಲ. ಈ ಕನ್ನಡ ಮಾತು ವಿಜ್ಞಾನದ ಗ್ರಂಥಗಳಿಗೂ ಹೋಗಿ ಸೇರಿದೆ. ಕಾಫಿ ಗಿಡಕ್ಕೆ ಬರುವ ಬೇರೊಂದು ಕೊಳೆಯ ಶಿಲೀಂಧ್ರಕ್ಕೆ ಕಳೆದ ಶತಮಾನಕ್ಕಿಂತ ಹಿಂದೆಯೇ ಇಟ್ಟ ಲ್ಯಾಟಿನ್ ಹೆಸರಿನಲ್ಲಿ 'ಕೊಳೆರೋಗ' ಎಂಬ ಶಬ್ದವೇ ಇದೆ. ಅಡಿಕೆಯ ಕೊನೆಗಳಿಗೆ ಮಳೆ ತಾಗದಂತೆ ಹಾಳೆ, ಹುಲ್ಲು ಮೊದಲಾದವುಗಳ ಕೊಟ್ಟೆ ಕಟ್ಟುವುದು ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯ. ಮರಮರಕ್ಕೂ ಹತ್ತಿ ಕೊನೆಕೊನೆಗೂ ಕಟ್ಟಬೇಕಾದ ಶ್ರಮದ ಕೆಲಸವದು. ನೀರಿಗೂ ರೋಗಕ್ಕೂ ಸಂಬಂಧವುಂಟೆಂಬುದನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಅರಿತವರ ಬುದ್ಧಿಯನ್ನು ನಾವು ಮೆಚ್ಚಲೇಬೇಕು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಉದುರಿದ ಕೊಳೆತ ಕಾಯಿಯನ್ನು ಎತ್ತಿಕೊಂಡು ನೋಡಿದರು. ಅದರ ಮೇಲಿನ ಬೂಷ್ಟು ಫೈಟಾಫ್ತೊರ ಜಾತಿಗೆ ಸೇರಿದುದೆಂದು ಗುರುತಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯನ್ನು ಕೊಳೆಸಿ ಮಹಾ ಕ್ಷಾಮವನ್ನು ತಂದುದು ಇದೇ ಜಾತಿಯ ಮತ್ತೊಂದು ಜೀವಿ. ಇವು ನಿಜವಾದ ಶಿಲೀಂಧ್ರಗಳಲ್ಲವೆಂದೂ, ಕೆಲವು ಬಗೆಯ ಪಾಚಿಗಳಿಗೆ ಹತ್ತಿರದ ನಂಟರೆಂದೂ ಈಗ ತಿಳಿದಿದೆ. ಇವುಗಳ ಬೀಜಕಣಗಳು ಬಾಲದಂತಹ ಎರಡು ಎಳೆಗಳ ಸಹಾಯದಿಂದ ನೀರಿನಲ್ಲಿ ಈಜಬಲ್ಲುವು. ಕಾಯಿಯ ಮೇಲೆ ನೀರಿನ ಪೊರೆ ನಿಂತರೆ ಅವಕ್ಕೆ ಅದೇ ಕೆರೆ, ಅದೇ ಹಾದಿ. ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲುಗಳಂತಹ ಕಡೆ ವಾರಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಆ ಪೊರೆ ಒಣಗುವುದೆಂದು?

ಇದಕ್ಕೆ ಔಷಧವಾಗಿ ಹಬ್ಬಿದ ಬೋರ್ಡೋ ದ್ರಾವಣದ ಕಥೆಯೂ ನಮ್ಮ ವಿಷಯಕ್ಕೆ ಒಪ್ಪುವಂತಹುದೇ. ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಅಮೆರಿಕದಿಂದ ಬಂದ ಒಂದು ಹೇನು ಹಾಳುಗೆಡವಿತು. ಅದನ್ನು ತಡೆಯಬಲ್ಲ ಅಮೆರಿಕದ ಬಳ್ಳಿಗಳನ್ನು ತರಿಸಿದರೆ ಅವುಗಳೊಡನೆ ಎಲೆಯ ಬೂಷ್ಟು ರೋಗವೂ ಬಂದಿಳಿಯಿತು! 1882ರಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಒಂದು ತೋಟದ ಬದಿಯಲ್ಲಿ ಹೋಗುತ್ತಿದ್ದಾಗ, ಎಲ್ಲೆಡೆ ಎಲೆ ಉದುರಿದ್ದರೂ ದಾರಿಯ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಉಳಿದುದನ್ನು ಕಂಡನು. ದಾರಿಹೋಕರು ಹಣ್ಣು ಕದಿಯದಿರಲೆಂದು ರೈತರು ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಆ ಸಾಲುಗಳಿಗೆ ಚಿಮುಕಿಸಿದ್ದರು. ಹಾಳಾದ ತೋಟವನ್ನು ನೋಡಿ ಮರುಗಿದವರು ಸಾವಿರಾರು ಮಂದಿಯಿದ್ದಿರಬೇಕು. ಎಲ್ಲಿ ಹಾಳಾಗಿದೆ, ಎಲ್ಲಿ ಆಗಿಲ್ಲ ಎಂದು ನೋಡಿದವನಿಗೆ ಔಷಧ ಸಿಕ್ಕಿತು. ಅವನು ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದನು.

ನಮ್ಮ ಮನೆಯ ತೋಟದ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. 2013ರ ಮಳೆಗಾಲ; ನಾವು ಆಗ ತಾನೇ ಸ್ನಾತಕೋತ್ತರ ಪರೀಕ್ಷೆಯನ್ನು ಮುಗಿಸಿ ಮನೆಗೆ ಬಂದಿದ್ದೆವು. ಮೊದಲ ಸಲದ ಔಷಧಿ ಮುಂಗಾರಿಗೆ ಮುಂಚೆಯೇ ಆಗಿತ್ತು. ಎರಡನೆಯದನ್ನು ಪುನರ್ವಸು ಮಳೆ ಹೊಳವಾದ ಒಂದು ದಿನ ಹೊಡೆಸಿದೆವು. ಆದರೆ ಆ ವರ್ಷ ತೋಟದ ಕೆಳಗಿನ ಅರ್ಧದಲ್ಲಿ ಕೊಳೆ ಬಿದ್ದಿತು. ಮೇಲಿನ ಅರ್ಧ ಹೆಚ್ಚಿನ ಹಾನಿಯಿಲ್ಲದೆ ಉಳಿಯಿತು. ತಂದೆಯವರು ಮೊದಲ ಗಳಿಗೆಯಲ್ಲಿ ಸುಣ್ಣ ಮಾರಿದವನನ್ನು ಬಯ್ದರು. ಆಮೇಲೆ ತಂಗಿಯ ಮದುವೆಯ ಖರ್ಚನ್ನು ನೆನೆದು ಸುಮ್ಮನೆ ಕುಳಿತರು. ಆ ವರ್ಷ ಆಗಬೇಕಾಗಿದ್ದ ಮದುವೆ ಮುಂದಕ್ಕೆ ಹೋಯಿತು.

ತಂದೆಯವರಿಗೆ ಒಂದು ಅಭ್ಯಾಸವಿತ್ತು. ಪಂಚಾಂಗದ ಅಂಚಿನಲ್ಲಿ ದಿನದಿನದ ತೋಟದ ಕೆಲಸವನ್ನು ಪೆನ್ಸಿಲಿನಿಂದ ಗುರುತು ಮಾಡುವರು. ಕೂಲಿಯ ಲೆಕ್ಕಕ್ಕೆಂದು ಮಾಡುತ್ತಿದ್ದ ಗುರುತುಗಳವು, ವಿಜ್ಞಾನಕ್ಕೆಂದಲ್ಲ. ಅದನ್ನು ತಿರುವಿ ನೋಡಿದಾಗ ಒಂದು ಸಾಲು ಕಣ್ಣಿಗೆ ಬಿದ್ದಿತು: ಔಷಧಿ ಹೊಡೆಯುತ್ತಿದ್ದ ದಿನ ಮಧ್ಯಾಹ್ನ ಮಳೆ ಹನಿದುದರಿಂದ ಕೊನೆಗಾರ ಇಳಿದು ಹೋದನು, ಉಳಿದ ದ್ರಾವಣವನ್ನು ಮರುದಿನ ಕೆಳಗಿನ ತೋಟಕ್ಕೆ ಹೊಡೆದೆವು. ಪೀಪಾಯಿಯಲ್ಲಿ ಒಂದು ರಾತ್ರಿ ನಿಂತ ದ್ರಾವಣ! ಅದನ್ನು ಚೆಲ್ಲಬೇಡಿರೆಂದು ಹೇಳಿದವರು ಬೇರೆ ಯಾರೂ ಅಲ್ಲ, ಆಗ ತಾನೇ ಎಂ.ಎಸ್‌ಸಿ. ಮುಗಿಸಿದ್ದ ನಾವೇ.

ರಾತ್ರಿ ನಿಂತರೆ ಏನಾಗುತ್ತದೆ? 1 ಕಿಲೋಗ್ರಾಂ ಮೈಲುತುತ್ತವನ್ನೂ 1 ಕಿಲೋಗ್ರಾಂ ಸುಣ್ಣವನ್ನೂ ಬೇರೆ ಬೇರೆ ಕರಗಿಸಿ, ಒಟ್ಟು 100 ಲೀಟರು ನೀರಾಗುವಂತೆ ಕೂಡಿಸಿದಾಗ ಆಕಾಶದ ಬಣ್ಣದ ಒಂದು ಲೋಳೆ ಹುಟ್ಟುತ್ತದೆ. ಅದರ ಕಣಗಳು ಅತಿ ಸೂಕ್ಷ್ಮ. ಕಾಯಿಯ ಮೇಲೆ ಬಿದ್ದು ಒಣಗಿದರೆ ತೆಳ್ಳಗಿನ ಪೊರೆಯಾಗಿ ಕಚ್ಚಿಕೊಳ್ಳುತ್ತದೆ. ಮಳೆಯ ನೀರಿನಲ್ಲಿ ತಾಮ್ರವು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಂಡು ಬೀಜಕಣ ಮೊಳೆಯದಂತೆ ತಡೆಯುತ್ತದೆ. ಕಾಯಿಯ ಒಳಹೊಕ್ಕ ರೋಗವನ್ನು ಅದು ಗುಣಪಡಿಸಲಾರದು. ಅದು ಹೊಸ್ತಿಲ ಕಾವಲುಗಾರನೇ ಹೊರತು ವೈದ್ಯನಲ್ಲ. ಲೋಳೆಯನ್ನು ಗಂಟೆಗಟ್ಟಲೆ ಇಟ್ಟರೆ ಸಣ್ಣ ಕಣಗಳು ಕೂಡಿ ಹರಳುಗಟ್ಟಿ ದೊಡ್ಡವಾಗುತ್ತವೆ, ತಳಕ್ಕೆ ಕೂರುತ್ತವೆ. ಕಣದ ಅಡ್ಡಳತೆ ಹತ್ತು ಪಟ್ಟು ಹೆಚ್ಚಿದರೆ, ಅಷ್ಟೇ ತೂಕದ ಪದಾರ್ಥದ ಒಟ್ಟು ಮೇಲ್ಮೈ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಮೇಲ್ಮೈ ಕುಗ್ಗಿತು, ಅಂಟು ಕುಗ್ಗಿತು. ಮೊದಲ ಜಡಿಮಳೆಗೇ ಔಷಧ ತೊಳೆದುಹೋಯಿತು. ಬಣ್ಣ ಮಾತ್ರ ಹಾಗೆಯೇ ನೀಲಿ! ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ, ಅದರ ಮೇಲೆ ಕೆಂಪು ತಾಮ್ರ ಕೂರುವುದೋ ಎಂದು ನೋಡುವ ಪರೀಕ್ಷೆಯನ್ನು ಬೆಳೆಗಾರರು ಬಲ್ಲರು. ಅದು ಸುಣ್ಣ ಸಾಕಾಯಿತೇ ಎಂಬುದನ್ನು ಹೇಳುತ್ತದೆ, ಕಣಗಳ ವಯಸ್ಸನ್ನು ಹೇಳುವುದಿಲ್ಲ.

ಇಷ್ಟಕ್ಕೆ ಕಾರಣ ಸಿಕ್ಕಿತೆಂದು ಬೀಗಿದೆವಾದರೂ ತಂದೆಯವರು ಒಪ್ಪಲಿಲ್ಲ. "ಕೆಳಗಿನ ತೋಟ ಮೊದಲಿಂದಲೂ ತಣ್ಣೆ, ಹಳ್ಳದ ಬದಿ, ಗಾಳಿ ಆಡುವುದಿಲ್ಲ. ಕೊಳೆ ಅಲ್ಲಿಗೇ ಮೊದಲು ಬರುವುದು. ನಿನ್ನ ಪೀಪಾಯಿಯದೇ ತಪ್ಪು ಅಂತ ಹೇಗೆ ಹೇಳುತ್ತೀ?" ಎಂದರು. ಭೌತಶಾಸ್ತ್ರವನ್ನು ಓದಿದ್ದ ನಮಗೆ ಹೊಳೆಯಬೇಕಾಗಿದ್ದ ಪ್ರಶ್ನೆಯದು. ಹಳೆಯ ದ್ರಾವಣ, ತಣ್ಣನೆಯ ಜಾಗ, ಇವೆರಡೂ ಒಂದೇ ಕಡೆ ಕೂಡಿಬಿದ್ದಿದ್ದವು. ಯಾವುದು ಎಷ್ಟು ಕೆಡಿಸಿತೆಂದು ಒಂದು ವರ್ಷದ ಗುರುತಿನಿಂದ ಬಿಡಿಸಿ ಹೇಳಲಾಗದು. ಮುಂದಿನ ವರ್ಷ, "ಅಪ್ಪಯ್ಯ, ಮೇಲಿನ ತೋಟದಲ್ಲಿ ಕೆಲವು ಮರಗಳಿಗೆ ಹಿಂದಿನ ದಿನದ ದ್ರಾವಣವನ್ನೇ ಹೊಡೆದು ನೋಡೋಣ" ಎಂದು ಕೇಳಿದೆವು. "ಹತ್ತು ಮರ ಕೊಟ್ಟಿದ್ದೇನೆ. ಹನ್ನೊಂದನೆಯದನ್ನು ಮುಟ್ಟಬೇಡ" ಎಂದು ಅಪ್ಪಣೆಯಾಯಿತು. ಆ ಹತ್ತು ಮರಗಳಲ್ಲಿ ಸುತ್ತಲಿನವುಗಳಿಗಿಂತ ಹೆಚ್ಚು ಕಾಯಿ ಉದುರಿತು; ಆದರೆ ಹಿಂದಿನ ವರ್ಷ ಕೆಳಗೆ ಉದುರಿದಷ್ಟಲ್ಲ. ಎಂದರೆ ನಾವು ಹೇಳಿದುದರಲ್ಲಿಯೂ ಸತ್ಯವಿತ್ತು, ಅವರು ಹೇಳಿದುದರಲ್ಲಿಯೂ ಇತ್ತು. ಹತ್ತು ಮರಗಳ ಸಾಕ್ಷ್ಯ ಸಾಲದೆಂಬುದನ್ನು ನಾವು ಬಲ್ಲೆವು. ಆದರೂ ಅಂದಿನಿಂದ ಉಳಿದ ದ್ರಾವಣವನ್ನು ನಮ್ಮ ಮನೆಯಲ್ಲಿ ಮರುದಿನಕ್ಕೆ ಇಟ್ಟುದಿಲ್ಲ; ಕೆಳಗಿನ ತೋಟದಲ್ಲಿ ಬಸಿಗಾಲುವೆಯನ್ನು ಆಳ ಮಾಡಿಸಿದೆವು.

ದೊಡ್ಡ ಕೆಲಸಗಳಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿಯುವ ನೌಕೆ ಚಂದ್ರನ ನೆಲಕ್ಕೆ ಅಪ್ಪಳಿಸಿದುದನ್ನು ವಾಚಕರು ಮರೆತಿರಲಾರರು. ಆ ರಾತ್ರಿಯ ಕಣ್ಣೀರು ಎಲ್ಲರಿಗೂ ನೆನಪಿದೆ. ನೌಕೆ ಕೊನೆಯವರೆಗೂ ಕಳುಹಿಸಿದ್ದ ಅಂಕಿಗಳನ್ನು ಬೆಂಗಳೂರಿನಲ್ಲಿ ಕುಳಿತು ಓದಿದವರ ತಿಂಗಳುಗಟ್ಟಲೆಯ ದುಡಿಮೆ ಅಷ್ಟಾಗಿ ಯಾರಿಗೂ ನೆನಪಿಲ್ಲ. ಆ ಓದಿನ ಫಲವಾಗಿ ಚಂದ್ರಯಾನ-3ರ ಕಾಲುಗಳು ಗಟ್ಟಿಯಾದುವು, ಇಂಧನ ಹೆಚ್ಚಿತು. 500 ಮೀಟರು ಚದರವಾಗಿದ್ದ ಇಳಿದಾಣ 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲವಾಯಿತು. 2023ರ ಆಗಸ್ಟ್ 23ರಂದು ನೌಕೆ ಸುಖವಾಗಿ ಇಳಿಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಲ್ಲ ಪೆಟ್ಟುಗಳೂ ಈ ಬಗೆಯವಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಒತ್ತಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳ ಗದ್ದೆ, ತೋಟ, ಮನೆಗಳು ಮುಳುಗಿದುವು. ಅವರು ಯಾವ ಎಣಿಕೆಯನ್ನೂ ತಪ್ಪಿರಲಿಲ್ಲ. ಅಂತಹವರ ಮುಂದೆ ನಿಂತು "ಬರೆದಿಡಿ, ಕಲಿಯಿರಿ" ಎನ್ನುವುದು ಕ್ರೌರ್ಯವಾದೀತು. ಅವರಿಗೆ ಸಲ್ಲಬೇಕಾದುದು ನೆಲ ಮತ್ತು ನ್ಯಾಯ. ಹಾಗೆಯೇ ಸಾಲದಲ್ಲಿ ಮುಳುಗಿದ ಸಣ್ಣ ಹಿಡುವಳಿದಾರನಿಗೆ ಪ್ರಯೋಗಕ್ಕೆಂದು ಹತ್ತು ಮರ ಬಿಟ್ಟುಕೊಡುವ ಅನುಕೂಲವಿಲ್ಲ. ನಮ್ಮ ತಂದೆಯವರಿಗೆ ಅದು ಇದ್ದಿತು. ಅದನ್ನು ಮರೆತು ಉಪದೇಶ ಮಾಡಲು ನಮಗೆ ಮನಸ್ಸಿಲ್ಲ. ಸಣ್ಣವರ ಪರವಾಗಿ ಆ ಹತ್ತು ಮರಗಳ ನಷ್ಟವನ್ನು ಹೊರಬೇಕಾದುದು ಸರ್ಕಾರ ಮತ್ತು ಸಂಶೋಧನಾ ಸಂಸ್ಥೆಗಳು.

ಕೆಟ್ಟುದನ್ನು ಪರೀಕ್ಷಿಸಿರಿ ಎಂದುದಕ್ಕೆ ಎಲ್ಲವನ್ನೂ ಕೈಯಿಂದ ಮುಟ್ಟಿರಿ ಎಂದು ಅರ್ಥವಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುದರಿಂದಲೇ ಉಣ್ಣೆಗಳ ಮೂಲಕ ಹರಡುವ ಹೊಸ ಜ್ವರವೊಂದು ಬೆಳಕಿಗೆ ಬಂದಿತು. ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ 2018-19ರಲ್ಲಿ ಅದೇ ಜ್ವರ ಎಷ್ಟು ಮನೆಗಳನ್ನು ಕಾಡಿತೆಂಬುದನ್ನು ಆ ಕಡೆಯ ವಿದ್ಯಾರ್ಥಿಗಳು ಬಲ್ಲರು. ದರಗು ಗುಡಿಸಲು ಕಾಡಿಗೆ ಹೋದವರು ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗಬಾರದು; ಸ್ಥಳವನ್ನು ಗುರುತಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು. ಕಂಡೂ ಸುಮ್ಮನೆ ಮನೆಗೆ ಬಂದವನು ಸುದ್ದಿಯನ್ನು ಅಳಿಸಿದಂತೆಯೇ.

ಇಷ್ಟನ್ನು ಈಗ ಬರೆಯುವುದಕ್ಕೆ ಮುಖ್ಯ ಕಾರಣ ಎಲೆಚುಕ್ಕೆ ರೋಗ. ಇತ್ತೀಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ ಇದು ಹಬ್ಬಿದೆ. ಸೋಗೆಯ ಮೇಲೆ ಸಣ್ಣ ಚುಕ್ಕೆಯಾಗಿ ತೋರಿ, ಚುಕ್ಕೆಗಳು ಕೂಡಿ, ಎಲೆಯೇ ಒಣಗುತ್ತದೆ; ಎಲೆ ಹೋದ ಮೇಲೆ ಮರ ಏನನ್ನು ತಿಂದು ಕಾಯಿ ಬಿಟ್ಟೀತು? ಕೊಳೆ ಒಂದು ವರ್ಷದ ಫಸಲನ್ನು ಕಸಿದರೆ ಇದು ಮರದ ಬಲವನ್ನೇ ಕಸಿಯುತ್ತದೆ. ಕೊಲೆಟೋಟ್ರೈಕಮ್, ಫಿಲ್ಲೋಸ್ಟಿಕ್ಟ ಎಂಬ ಶಿಲೀಂಧ್ರಗಳನ್ನು ಇದರಲ್ಲಿ ಗುರುತಿಸಿದ್ದಾರೆ. ರೋಗದ ಸೋಗೆಗಳನ್ನು ಕಡಿದು ಸುಡಬೇಕು, ಔಷಧ ಹೊಡೆಯಬೇಕು, ಮರಕ್ಕೆ ಪೋಷಣೆ ಕೊಡಬೇಕು, ಊರವರೆಲ್ಲ ಕೂಡಿ ಮಾಡಬೇಕು ಎಂಬ ಸಲಹೆಗಳಿವೆ. ಆದರೆ ಒಂದು ಸಲ ಹೊಡೆದು ನಿಶ್ಚಿಂತರಾಗುವಂತಹ ಔಷಧ ಬೆಳೆಗಾರನ ಕೈಯಲ್ಲಿಲ್ಲ. ಕೆಲವರು ಮಕ್ಕಳಿಗೆ "ತೋಟದ ಆಸೆ ಬಿಡಿ, ಬೆಂಗಳೂರಿಗೆ ಹೋಗಿ" ಎನ್ನುತ್ತಿರುವುದನ್ನು ನಾವು ತರಗತಿಯಲ್ಲಿ ಹುಡುಗರ ಬಾಯಿಂದಲೇ ಕೇಳಿದ್ದೇವೆ.

ಹೋಗುವವರು ಹೋಗಲಿ; ಅದು ಅವರವರ ಬದುಕಿನ ಪ್ರಶ್ನೆ. ಆದರೆ ಮನೆಯಲ್ಲಿರುವವರೆಗೆ ಒಂದು ನೋಟುಬುಕ್ಕನ್ನು ಇಡಲು ಅವರಿಗೇನು ಅಡ್ಡಿ? ಯಾವ ಸಾಲಿನ ಯಾವ ಮರದಲ್ಲಿ ಮೊದಲು ಚುಕ್ಕೆ ಕಂಡಿತು, ಎಷ್ಟು ಸೋಗೆಗಳಲ್ಲಿ ಎಷ್ಟಕ್ಕೆ ಬಂದಿದೆ, ಅಂದಿನ ಮಳೆ ಎಷ್ಟು, ಔಷಧ ಯಾವುದು, ಕಲಸಿ ಎಷ್ಟು ಹೊತ್ತಾಗಿತ್ತು, ಯಾವ ಮರಗಳು ಏಕೋ ತಪ್ಪಿಸಿಕೊಂಡವು, ಇಷ್ಟು ಸಾಕು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ವಿಜ್ಞಾನಿಗಳು ಊರಿನ ಎಲ್ಲ ತೋಟಗಳಲ್ಲಿಯೂ ಪ್ರತಿದಿನ ನಿಂತು ನೋಡಲಾರರು. ನೂರು ಹುಡುಗರ ನೂರು ನೋಟುಬುಕ್ಕುಗಳು ಅವರ ಕೈಗೆ ಸಿಕ್ಕಿದರೆ ಅವರು ಬೇಡವೆನ್ನರೆಂಬುದು ನಮ್ಮ ನಂಬಿಕೆ.

ನಮ್ಮ ಪ್ರಯೋಗಶಾಲೆಯಲ್ಲಿಯೂ ಒಂದು ಬದಲಾವಣೆಯನ್ನು ಮಾಡಿದ್ದೇವೆ. ದಾಖಲೆ ಪುಸ್ತಕದಲ್ಲಿ ರಬ್ಬರನ್ನು ಬಳಸಕೂಡದು. ತಪ್ಪೆಂದು ತೋರಿದ ಅಂಕಿಯ ಮೇಲೆ ಓದುವಂತೆ ಒಂದೇ ಗೆರೆ ಎಳೆದು, ಏಕೆ ತಪ್ಪೆಂದು ಪಕ್ಕದಲ್ಲಿ ಬರೆಯಬೇಕು. ಕಾರಣವನ್ನು ಹಿಡಿದವನಿಗೆ ಪೂರ್ತಿ ಅಂಕ. ಇದರಿಂದ ಪುಸ್ತಕಗಳು ಕೊಳಕಾಗಿ ಕಾಣುವುವೆಂದೂ, ಹೊರಗಿನ ಪರೀಕ್ಷಕರು ಮೆಚ್ಚರೆಂದೂ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುತ್ತಾರೆ. ಕೊಳಕಾಗಿ ಕಾಣುವುದು ನಿಜ. 10.8ರ ಹುಡುಗನು ತನ್ನ ಅಂಕಿಗೆ ಗೆರೆ ಎಳೆದು, ಪಕ್ಕದಲ್ಲಿ 'ಸೊನ್ನೆಯಿಂದ ಎಣಿಸಲಿಲ್ಲ' ಎಂದು ಬರೆದನು. ಅವನ ಮನೆ ಹೊಸನಗರದ ಕಡೆ. ರಜೆ ಮುಗಿಸಿ ಬಂದಾಗ ಅವನು ಲೋಲಕವನ್ನು ಬಿಟ್ಟು, ತಮ್ಮ ತೋಟದಲ್ಲಿ ಚುಕ್ಕೆ ಬಿದ್ದ ಸೋಗೆಗಳನ್ನು ಎಣಿಸುವಾಗ ಒಣಗಿ ಜೋತುಬಿದ್ದ ಸೋಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂದು ಕೇಳಿದನು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹಿಡಿದೂ ಹಿಡಿಯದೆಯೂ ಎರಡು ಕಲಮುಗಳಲ್ಲಿ ಬರೆದುಕೊಂಡು ಬಾ ಎಂದು ಹೇಳಿ ಕಳುಹಿಸಿದೆವು.